ನಮ್ಮ ಮನೆಗೆ ಲಿನಕ್ಸ್ ಬಂತು

ಕಳೆದ ಸಮಾರಂಭದ ದಿನ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ಸಂಪಾದಕರು ಸಿಕ್ಕಿ, "ನಿಮ್ಮ ಮನೆಯ ಕಂಪ್ಯೂಟರ್ ಪುರಾಣವನ್ನು ಒಬ್ಬೊಬ್ಬರಿಗೇ ಹೇಳುತ್ತ ತಿರುಗುವ ಬದಲು ಬರೆದು ಕೊಡಬಾರದೇ?" ಎಂದು ಗದರಿಸಿದರು. ಗದರಿಸಿದ ಮೇಲೆ ಬರೆಯದೆ ಇರುವುದುಂಟೆ? ಇಲ್ಲಿ ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಇಷ್ಟು ವರ್ಷದ ಸಂಸಾರದಲ್ಲಿ ಇಬ್ಬರೂ ಒಪ್ಪಿದ ವಿಷಯಗಳು ಕಡಿಮೆ. ಇದು ಅವುಗಳಲ್ಲಿ ಒಂದಾದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇವೆ.

ನಮ್ಮ ಸನ್ನಿವೇಲ್ ಮನೆಯ ಊಟದ ಮೇಜಿನ ಮೂಲೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಮಗ ಹೈಸ್ಕೂಲಿನಲ್ಲಿದ್ದಾಗ, 2015ರಲ್ಲಿ ಕೊಂಡದ್ದು. ಅವನು ಕಾಲೇಜಿಗೆ ಹೋಗುವಾಗ ಹೊಸದನ್ನು ತೆಗೆದುಕೊಂಡು ಹೋದ, ಹಳೆಯದು ನಮಗೆ ಉಳಿಯಿತು. ಬ್ಯಾಂಕಿನ ವ್ಯವಹಾರ, ಊರಿಗೆ ವಿಡಿಯೋ ಕರೆ, ತೆರಿಗೆಯ ಲೆಕ್ಕ, ಯಕ್ಷಗಾನ ನೋಡುವುದು, ಕೂಟಕ್ಕೆ ಲೇಖನ ಟೈಪು ಮಾಡುವುದು ಎಲ್ಲವೂ ಅದರಲ್ಲೇ. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಸಿಗುತ್ತಿದ್ದ ಸುರಕ್ಷತೆಯ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತವೆ ಎಂದು ಪ್ರಕಟವಾಗಿತ್ತು. ಮುಂದಿನದಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಪ್ರೊಸೆಸರೂ ಸುಮಾರು 2018ರ ಈಚಿನದಾಗಿರಬೇಕು. ನಮ್ಮದು ಎರಡರಲ್ಲೂ ನಪಾಸು.

ದುಡ್ಡು ಕೊಟ್ಟೋ ಕೊಡದೆಯೋ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ ತಳ್ಳುವ ದಾರಿಯೂ ಇತ್ತು. ಹೊಸ ಕಂಪ್ಯೂಟರ್ ಕೊಳ್ಳುವ ದಾರಿಯಂತೂ ಇದ್ದೇ ಇತ್ತು. ಆದರೆ ಯಂತ್ರ ಕೆಟ್ಟಿರಲಿಲ್ಲ. ಕೊಡೆಯ ಕಡ್ಡಿ ಮುರಿದರೆ ರಿಪೇರಿ ಮಾಡಿಸಿ, ಹಳೇ ಸೀರೆಯಲ್ಲಿ ಕೌದಿ ಹೊಲಿದು ಬೆಳೆದ ಮನೆಯವರು ನಾವು. ಚೆನ್ನಾಗಿರುವ ವಸ್ತುವನ್ನು ಎಸೆಯಲು ಕೈ ಬರಲಿಲ್ಲ. ಸಿಯಾಟಲ್‌ನಲ್ಲಿರುವ ಮಗನಿಗೆ ಫೋನು ಮಾಡಿದಾಗ ಅವನು ಒಂದೇ ಮಾತು ಹೇಳಿದ: "ಲಿನಕ್ಸ್ ಹಾಕಿ."

ಆ ಹೆಸರು ನಮಗೆ ಹೊಸದಲ್ಲ. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. 1999ರಲ್ಲಿ ನಮ್ಮ ಈ ಕಣಿವೆಯಲ್ಲಿ ಎಲ್ಲಿ ನೋಡಿದರೂ ಲಿನಕ್ಸಿನ ಮಾತೇ. ಆ ವರ್ಷ ಫೆಬ್ರವರಿ 15ರಂದು ಕೆಲವು ಲಿನಕ್ಸ್ ಭಕ್ತರು ಫಾಸ್ಟರ್ ಸಿಟಿಯ ಮೈಕ್ರೋಸಾಫ್ಟ್ ಕಚೇರಿಗೆ ಮೆರವಣಿಗೆ ಹೋಗಿ, "ಕಂಪ್ಯೂಟರಿನ ಜೊತೆ ಬಂದ ವಿಂಡೋಸನ್ನು ನಾವು ಬಳಸಿಲ್ಲ, ಅದರ ಹಣ ವಾಪಸ್ಸು ಕೊಡಿ" ಎಂದು ಕೇಳಿದ್ದರು. ಮಾರ್ಚಿನಲ್ಲಿ ಸ್ಯಾನ್ ಹೋಸೆಯ ಕನ್ವೆನ್ಷನ್ ಸೆಂಟರಿನಲ್ಲಿ ಮೊದಲ ಲಿನಕ್ಸ್‌ವರ್ಲ್ಡ್ ಸಮ್ಮೇಳನ ನಡೆಯಿತು. ಡಿಸೆಂಬರ್ 9ರಂದು ನಮ್ಮ ಸನ್ನಿವೇಲಿನದೇ ಆದ ವಿಎ ಲಿನಕ್ಸ್ ಕಂಪೆನಿಯ ಷೇರು 30 ಡಾಲರಿಗೆ ಹೊರಬಂದು, ಸಂಜೆಯ ಹೊತ್ತಿಗೆ 239 ಡಾಲರ್ ದಾಟಿತ್ತು. ಎರಡು ವರ್ಷದೊಳಗೆ ಅದೇ ಷೇರು ಒಂದಂಕಿಗೆ ಇಳಿಯಿತು. ಆ ದಿನಗಳ ಪಾಟ್‌ಲಕ್ ಊಟಗಳಲ್ಲಿ ಲಿನಕ್ಸ್ ಎಂದರೆ ಷೇರಿನ ಹೆಸರೇ ಹೊರತು, ಅದನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡು ಕಾಗದ ಬರೆಯಬಹುದು ಎಂದು ಯಾರೂ ಹೇಳಿದ ನೆನಪಿಲ್ಲ. ಹೇಳಿದ್ದರೂ ನಾವು ಕೇಳಿಸಿಕೊಳ್ಳುತ್ತಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಾರ್ಯವ್ಯವಸ್ಥೆಯೊಂದನ್ನು ಕಟ್ಟುತ್ತೇನೆಂದು ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕನ್ನರು 1983ರಲ್ಲಿ ಸಾರಿದರು. ಅದಕ್ಕೆ ಗ್ನೂ ಎಂದು ಹೆಸರು. ಅದರ ಹಲವು ಭಾಗಗಳು ಸಿದ್ಧವಾದರೂ ಯಂತ್ರವನ್ನು ನಡೆಸುವ ತಿರುಳು ಸಿದ್ಧವಾಗಿರಲಿಲ್ಲ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೋರ್ವಾಲ್ಡ್ಸ್ ಆ ತಿರುಳನ್ನು ಬರೆದರು. ಅದೇ ಲಿನಕ್ಸ್. ಇದೇ ಲಿನಸ್ 1997ರಲ್ಲಿ ಕೆಲಸಕ್ಕೆಂದು ನಮ್ಮ ಪಕ್ಕದ ಸಾಂತಾ ಕ್ಲಾರಾಕ್ಕೆ ಬಂದು ಕೆಲವು ವರ್ಷ ಈ ಕಡೆಯೇ ಇದ್ದರು. ಒಂದೇ ಕಿರಾಣಿ ಅಂಗಡಿಯಲ್ಲಿ ನಾವೂ ಅವರೂ ಹಾಲು ಕೊಂಡಿದ್ದೇವೋ ಏನೋ!

ಈ ತಿರುಳಿನ ಮೇಲೆ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ, ನಮ್ಮಂಥವರೂ ಬಳಸುವಂತೆ ಮಾಡಿ ಹಂಚುವವರು ಅನೇಕರಿದ್ದಾರೆ. ಡೆಬಿಯನ್ 1993ರಲ್ಲಿ ಹುಟ್ಟಿತು, ಅದರಿಂದ 2004ರಲ್ಲಿ ಉಬುಂಟು, ಅದರಿಂದ 2006ರಲ್ಲಿ ಮಿಂಟ್. ಮಗ ನಮಗೆ ಸೂಚಿಸಿದ್ದು ಮಿಂಟ್, ಅದರಲ್ಲೂ ಸಿನಮನ್ ಎಂಬ ಬಗೆ. ಪುದೀನ, ಮೇಲೆ ಚಕ್ಕೆ! "ಇದೇನು ಕಂಪ್ಯೂಟರಿಗೋ ಪಲಾವಿಗೋ?" ಎಂಬ ಪ್ರಶ್ನೆ ನಮ್ಮಿಬ್ಬರಲ್ಲಿ ಅಡುಗೆ ಮಾಡುವವರಿಂದ ಬಂತು. ಯಾರು ಎಂದು ಹೇಳುವುದಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಕುಳಿತೆವು. ಸುಮಾರು ಮೂರು ಗಿಗಾಬೈಟಿನ ಒಂದು ಕಡತವನ್ನು ಇಳಿಸಿಕೊಂಡು ಯುಎಸ್‌ಬಿ ಕಡ್ಡಿಗೆ ಬರೆಸಬೇಕು. ಕಂಪ್ಯೂಟರನ್ನು ಆ ಕಡ್ಡಿಯಿಂದಲೇ ಎಬ್ಬಿಸಬೇಕು. ಹಾಗೆ ಎಬ್ಬಿಸಿದರೆ ಒಳಗಿದ್ದ ಹಳೆಯದಕ್ಕೆ ಏನೂ ಆಗದಂತೆ ಹೊಸದನ್ನು ನಡೆಸಿ ನೋಡಬಹುದು. ಇದು ನಮಗೆ ಬಹಳ ಹಿಡಿಸಿತು. ಮನೆಗೆ ಹೋಗುವ ಮೊದಲು ಒಂದು ರಾತ್ರಿ ಅಲ್ಲಿ ಮಲಗಿ ನೋಡಿದ ಹಾಗೆ. ವೈಫೈ ಬಂತು, ಧ್ವನಿ ಬಂತು, ಕ್ಯಾಮೆರಾ ಬಂತು. ಮೈಸೂರಿನ ಅಕ್ಕನಿಗೆ ವಿಡಿಯೋ ಕರೆ ಮಾಡಿದೆವು. "ಏನೇ, ತೆಳ್ಳಗೆ ಕಾಣ್ತೀಯ" ಎಂದರು. ಅದು ಲಿನಕ್ಸಿನ ಪ್ರಭಾವವೆಂದು ಹೇಳಲಾರೆವು.

ಎರಡು ವಾರ ಹೀಗೆ ಆಗಾಗ ನೋಡಿ, ಇರುವ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟು, ಆಮೇಲೆ ಅಳವಡಿಸಿದೆವು. ಅರ್ಧ ಗಂಟೆಯ ಕೆಲಸ. ಹತ್ತು ವರ್ಷದ ಯಂತ್ರ ಮೊದಲಿಗಿಂತ ಚುರುಕಾಗಿ ಏಳತೊಡಗಿತು. ಪ್ರಿಂಟರನ್ನು ಅದು ತಾನಾಗಿಯೇ ಕಂಡುಹಿಡಿಯಿತು. ಫೈರ್‌ಫಾಕ್ಸ್ ಮೊದಲೂ ಇತ್ತು, ಈಗಲೂ ಇದೆ. ಕಾಗದ ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್. ನಾವು ಹಾಕಿಕೊಂಡ 22ನೇ ಆವೃತ್ತಿಗೆ 2029ರವರೆಗೆ ಪರಿಷ್ಕರಣೆಗಳು ಇವೆಯೆಂದು ಅದನ್ನು ಮಾಡುವವರೇ ಹೇಳಿದ್ದಾರೆ.

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಹಳೆಯ ಸ್ಕ್ಯಾನರ್ ಒಂದು ಕೈ ಕೊಟ್ಟಿತು. ತೆರಿಗೆಗೆ ಡಿಸ್ಕಿನಲ್ಲಿ ಕೊಳ್ಳುತ್ತಿದ್ದ ತಂತ್ರಾಂಶ ಇದರಲ್ಲಿ ನಡೆಯುವುದಿಲ್ಲ, ಆ ಕೆಲಸವನ್ನು ಬ್ರೌಸರಿಗೆ ಸಾಗಿಸಬೇಕಾಯಿತು. ಕೆಲವು ಪತ್ರಗಳ ಅಂಚು ಲಿಬ್ರೆಆಫೀಸಿನಲ್ಲಿ ಸ್ವಲ್ಪ ಆಚೀಚೆಯಾದವು. ಮೊದಲ ವಾರ ಏನೇ ಹುಡುಕಿದರೂ ಬೇರೆಯವರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕಿದ ಹಾಗೆ ಆಗುತ್ತಿತ್ತು. ಮೂರನೆಯ ವಾರಕ್ಕೆ ಕೈಗೆ ತಾನೇ ಗೊತ್ತಾಗತೊಡಗಿತು.

ನಮಗಿದ್ದ ದೊಡ್ಡ ಆತಂಕ ಕನ್ನಡದ್ದು. ಅದು ಇಷ್ಟು ಸುಲಭವೆಂದು ಎಣಿಸಿರಲಿಲ್ಲ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡ ಎಂದು ಹುಡುಕಿದರೆ ‘ಕಗಪ’ ಎಂಬ ವಿನ್ಯಾಸ ಮೊದಲೇ ಕುಳಿತಿದೆ. ಕಗಪ ಎಂದರೆ ನಮ್ಮ ಕನ್ನಡ ಗಣಕ ಪರಿಷತ್ತು! ಇದರ ಮೂಲ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ವಿನ್ಯಾಸ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ರಾಯರು ಹಿಂದೆ ಭಾಷಾ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶವನ್ನು ಮಾಡಿ ಉಚಿತವಾಗಿಯೇ ಹಂಚಿದವರು. ಅಕ್ಷರಶೈಲಿಗಳೂ ಹಾಗೆಯೇ. ಲೋಹಿತ್, ಗುಬ್ಬಿ, ನವಿಲು ಎಂದು ಎಷ್ಟು ಚೆಂದದ ಹೆಸರುಗಳು! ಎಲ್ಲವನ್ನೂ ಯಾರೋ ಪುಣ್ಯಾತ್ಮರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಮೆನುಗಳನ್ನೂ ಕನ್ನಡದಲ್ಲಿ ಇಟ್ಟು ನೋಡಿದೆವು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ನಮ್ಮ ಮನೆಯ ಮಾತಿನ ಹಾಗೆಯೇ ಇತ್ತು. ಅನುವಾದಿಸುವ ಸ್ವಯಂಸೇವಕರು ಇನ್ನಷ್ಟು ಬೇಕಾಗಿದ್ದಾರೆ ಎಂದರ್ಥ.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದು, ಹೊಸ ವ್ಯವಸ್ಥೆಯಲ್ಲಿ ಯಾವುದು ತೆರೆಯುತ್ತದೆ, ಯಾವುದು ಇಲ್ಲ ಎಂದು ನೋಡುತ್ತಿದ್ದೆವು. ‘ಅಪ್ಪ’ ಎಂಬ ಒಂದು ಕಡತಕೋಶ ಸಿಕ್ಕಿತು. ಅಪ್ಪ ನಮ್ಮಲ್ಲೊಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ, ಇಬ್ಬರೂ ಕರೆದದ್ದು ಅಪ್ಪ ಎಂದೇ. ಸಾಗರದ ಕಡೆಯ ನಿವೃತ್ತ ಮೇಷ್ಟ್ರು. ಅಮ್ಮ ಹೋದ ಮೇಲೆ, 2003ರಲ್ಲಿ ಒಬ್ಬರೇ ಬಂದು ನಮ್ಮ ಜೊತೆ ಆರು ತಿಂಗಳು ಇದ್ದರು. ಆಗ ನಾವಿಬ್ಬರೂ ಕೆಲಸಕ್ಕೆ ಹೋಗುತ್ತಿದ್ದೆವು, ನಾಲ್ಕು ವರ್ಷದ ಮಗ ಡೇಕೇರಿಗೆ. ಅವರಿಗೆ ಹೊತ್ತು ಹೋಗಲೆಂದು ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವುದನ್ನು ತೋರಿಸಿಕೊಟ್ಟಿದ್ದೆವು. ಸಂಜೆ ಬಂದು "ಬೇಜಾರಾಯಿತೇ ಅಪ್ಪಾ?" ಎಂದರೆ, "ಇಲ್ಲಪ್ಪ, ಟೈಪು ಮಾಡ್ತಾ ಇದ್ದೆ" ಎನ್ನುತ್ತಿದ್ದರು. ಏನು ಟೈಪು ಮಾಡುತ್ತಿದ್ದರೆಂದು ನಾವು ಕೇಳಲಿಲ್ಲ.

ಅವರು 2011ರಲ್ಲಿ ತೀರಿಕೊಂಡಾಗ ಆ ಕಡತವನ್ನು ಒಮ್ಮೆ ತೆರೆದಿದ್ದೆವು. ಅಷ್ಟರಲ್ಲಿ ಎರಡು ಕಂಪ್ಯೂಟರ್ ಬದಲಾಗಿತ್ತು. ಕನ್ನಡದ ಬದಲು ಪುಟದ ತುಂಬ ಇಂಗ್ಲಿಷಿನ ಪಿ, ಕ್ಯೂ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು. ಕೆಟ್ಟುಹೋಗಿದೆ ಎಂದುಕೊಂಡೆವು. ಅಳಿಸಲು ಮಾತ್ರ ಮನಸ್ಸು ಬರಲಿಲ್ಲ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅದನ್ನು ಹಾಗೆಯೇ ಹೊತ್ತು ತಂದಿದ್ದೆವು.

ಈ ಸಲವೂ ಅದೇ ಪಿ, ಅದೇ ಕ್ಯೂ. ಮಗನಿಗೆ ಫೋನಿನಲ್ಲಿ ವಿವರಿಸಿದಾಗ ಅವನು ನಕ್ಕು, "ಅದು ಕೆಟ್ಟಿಲ್ಲಮ್ಮ, ಬೀಗ ಹಾಕಿದೆ ಅಷ್ಟೆ" ಎಂದ. ಆಗ ತಿಳಿದದ್ದು ಇಷ್ಟು. ಆ ಕಾಲದಲ್ಲಿ ಕನ್ನಡ ತಂತ್ರಾಂಶಗಳೆಲ್ಲ ಒಂದು ಉಪಾಯ ಮಾಡುತ್ತಿದ್ದವು. ಕಂಪ್ಯೂಟರಿನ ಮಟ್ಟಿಗೆ ಒಳಗೆ ಬರೆದಿರುವುದು ಇಂಗ್ಲಿಷಿನ ಪಿ ಅಕ್ಷರವೇ. ಆದರೆ ಆ ಪಿ ಜಾಗದಲ್ಲಿ ಕಕಾರದ ಚಿತ್ರವನ್ನು ತೋರಿಸುವ ಒಂದು ಅಕ್ಷರಶೈಲಿಯನ್ನು ಜೊತೆಗೆ ಕೊಡುತ್ತಿದ್ದರು. ಆ ಅಕ್ಷರಶೈಲಿ ಇರುವವರೆಗೆ ಕನ್ನಡ. ಅದು ಇಲ್ಲದ ಕಂಪ್ಯೂಟರಿನಲ್ಲಿ ಬರೀ ಕಸ. ಒಬ್ಬೊಬ್ಬರ ಚಿತ್ರದ ಪಟ್ಟಿಯೂ ಒಂದೊಂದು ಥರ. ಬೇರೆ ದಾರಿಯಿಲ್ಲದ ಕಾಲದಲ್ಲಿ ಕನ್ನಡ ಕಂಪ್ಯೂಟರಿಗೆ ಬಂದದ್ದೇ ಆ ಉಪಾಯದಿಂದ, ಆದ್ದರಿಂದ ಮಾಡಿದವರನ್ನು ಬಯ್ಯುವಂತಿಲ್ಲ.

ಯೂನಿಕೋಡ್ ಬಂದದ್ದು ಈ ತೊಡಕನ್ನು ಬಿಡಿಸಲು. ಆ ಸಂಸ್ಥೆ 1991ರಲ್ಲಿ ನೋಂದಣಿಯಾದದ್ದು ನಮ್ಮ ಕ್ಯಾಲಿಫೋರ್ನಿಯಾದಲ್ಲೇ. ಅದೇ ವರ್ಷದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗವಿತ್ತು. ಕ ಎಂಬ ಅಕ್ಷರಕ್ಕೆ ಜಗತ್ತಿನ ಎಲ್ಲ ಯಂತ್ರಗಳಲ್ಲೂ ಒಂದೇ ಸಂಖ್ಯೆ. ಚಿತ್ರ ಯಾರದಾದರೂ ಆಗಲಿ, ಅಕ್ಷರ ಅಕ್ಷರವೇ. ಆದರೆ ಅದು ಸಾಮಾನ್ಯ ಮನೆಗಳ ಕಂಪ್ಯೂಟರುಗಳಲ್ಲಿ ಚೆನ್ನಾಗಿ ನೆಲೆಯೂರಲು ಹತ್ತು ಹದಿನೈದು ವರ್ಷ ಹಿಡಿಯಿತು. ಅಪ್ಪ ಟೈಪು ಮಾಡಿದ್ದು ಆ ನಡುವಿನ ಕಾಲದಲ್ಲಿ.

ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಅಂಥದೊಂದನ್ನು ಮಗ ಕಳಿಸಿದ. ಯಾವ ಗುರುತಿಗೆ ಯಾವ ಅಕ್ಷರ ಎಂಬ ಪಟ್ಟಿ ಅದರೊಳಗೆ ತೆರೆದೇ ಇತ್ತು. ಕಡತವನ್ನು ಕೊಟ್ಟು ಗುಂಡಿ ಒತ್ತಿದೆವು. ಅರ್ಕಾವತ್ತು ಇದ್ದ ಕಡೆಯಲ್ಲೆಲ್ಲ ಒಂದಿಷ್ಟು ಎಡವಟ್ಟು, ಅದನ್ನು ಕೈಯಿಂದ ತಿದ್ದಿದೆವು. ಉಳಿದದ್ದು ಅಪ್ಪನ ಕನ್ನಡ. ಇಪ್ಪತ್ತೆರಡು ವರ್ಷದ ಮೇಲೆ.

ಇಪ್ಪತ್ತಾರು ಪುಟ. ಮೊದಲಿಗೆ ಶಾಲೆಯ ದಿನಗಳು, ಅಡಿಕೆ ಕೊಯ್ಲು, ಅಮ್ಮನ ಕಾಯಿಲೆ. ಆಮೇಲೆ ಸನ್ನಿವೇಲಿನ ದಿನಚರಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿದ ಸದ್ದು, ಆಮೇಲೆ ಸಂಜೆ ಆರರವರೆಗೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇಲ್ಲ ಎಂದು ಬರೆದಿದ್ದಾರೆ. ದೂರದಲ್ಲಿ ಕ್ಯಾಲ್‌ಟ್ರೇನ್ ಕೂಗಿದರೆ ತಾಳಗುಪ್ಪದ ರೈಲಿನ ನೆನಪಾಗಿ ಅದರಿಂದಲೇ ಹೊತ್ತು ಲೆಕ್ಕ ಹಾಕುತ್ತಿದ್ದರಂತೆ. ಓರ್ಟೆಗಾ ಪಾರ್ಕಿನಲ್ಲಿ ಒಬ್ಬ ಗುಜರಾತಿ ಹಿರಿಯರು ಸಿಗುತ್ತಿದ್ದರು, ಇಬ್ಬರಿಗೂ ಒಂದು ಭಾಷೆಯಿಲ್ಲ, ಆದರೂ ದಿನಾ ಒಂದು ಗಂಟೆ ಒಂದೇ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಮಕ್ಕಳು ದಣಿದು ಬರುತ್ತಾರೆ, ಅವರ ಮುಂದೆ ಬೇಜಾರೆಂದು ಹೇಳಬಾರದು, ಅದಕ್ಕೇ ಇದನ್ನು ಇಲ್ಲಿ ಟೈಪು ಮಾಡುತ್ತಿದ್ದೇನೆ ಎಂದು ಬರೆದಿದ್ದಾರೆ.

ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರು ಅದನ್ನು ಬಚ್ಚಿಟ್ಟಿರಲಿಲ್ಲ. ನಮ್ಮದೇ ಕಂಪ್ಯೂಟರಿನಲ್ಲಿ, ‘ಅಪ್ಪ’ ಎಂದೇ ಹೆಸರಿಟ್ಟು ಬಿಟ್ಟುಹೋಗಿದ್ದರು. ಅವರು ಬದುಕಿದ್ದಾಗ ನಾವು ತೆರೆಯಲಿಲ್ಲ, ತೆರೆದಾಗ ಓದಲಾಗಲಿಲ್ಲ. ಮೊದಲಿನದು ನಮ್ಮ ತಪ್ಪು. ಅದಕ್ಕೆ ಯಾವ ತಂತ್ರಾಂಶವೂ ಹೊಣೆಯಲ್ಲ.

ಮಗನಿಗೆ ಕನ್ನಡ ಮಾತು ಬರುತ್ತದೆ, ಓದಲು ತಡವರಿಸುತ್ತಾನೆ. ಪುಟಗಳನ್ನು ಕಳಿಸಿದೆವು. ಅವನ ಫೋನಿನಲ್ಲಿ ಏನೂ ಸೇರಿಸದೆ ಹಾಗೆಯೇ ತೆರೆಯಿತು. ಭಾನುವಾರ ವಿಡಿಯೋ ಕರೆಯಲ್ಲಿ ನಾವು ಓದಿದೆವು, ಅವನು ಕೇಳಿದ. ತನಗೆ ಅಜ್ಜ ಮರಳಿನಲ್ಲಿ ಅ ಆ ತಿದ್ದಿಸಿದ್ದು ಬಂದ ಕಡೆ, "ಇನ್ನೊಂದ್ಸಲ ಓದಿ" ಎಂದ.

ನ್ಯಾಯವಾಗಿ ಹೇಳಬೇಕೆಂದರೆ, ಈ ಪರಿವರ್ತನೆಯನ್ನು ವಿಂಡೋಸಿನಲ್ಲೂ ಮಾಡಬಹುದಿತ್ತು. ಲಿನಕ್ಸೇ ಬೇಕೆಂದಿರಲಿಲ್ಲ. ಆದರೆ ಮನೆ ಬದಲಿಸುವಾಗ ಅಟ್ಟದ ಪೆಟ್ಟಿಗೆ ಕೆಳಗಿಳಿಯುವ ಹಾಗೆ, ವ್ಯವಸ್ಥೆ ಬದಲಿಸಿದ್ದರಿಂದಲೇ ಆ ಕಡತ ಕೈಗೆ ಬಂತು. ನಮ್ಮದು ಎಂದುಕೊಂಡಿರುವುದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೊದಲ ಬಾರಿಗೆ ಕೇಳಿಕೊಂಡೆವು. ಇಂಗ್ಲಿಷಿನಲ್ಲಿ ಫ್ರೀ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಬಿಟ್ಟಿ ಬೇರೆ, ಸ್ವತಂತ್ರ ಬೇರೆ. ನಾವು ಬಿಟ್ಟಿಗೆಂದು ಹೋದವರು. ಅಪ್ಪನ ಪುಟ ಓದಿದ ಮೇಲೆ ಇನ್ನೊಂದು ಮಾತಿನ ಅರ್ಥವಾಯಿತು. ಇಂದು ಬರೆದದ್ದನ್ನು ಇಪ್ಪತ್ತು ವರ್ಷದ ಮೇಲೆ ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ತೆರೆಯುವಂತಿರಬೇಕು.

ನಮ್ಮ ಹಾಗೆ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದೆರಡು ಸಲಹೆ. ಎಸೆಯುವ ಮೊದಲು ಯುಎಸ್‌ಬಿ ಕಡ್ಡಿಯಿಂದ ನಡೆಸಿ ನೋಡಿ. ಅಳವಡಿಸುವ ಮೊದಲು ಎಲ್ಲವನ್ನೂ ನಕಲು ಮಾಡಿಡಿ, ಏಕೆಂದರೆ ಅಳವಡಿಸುವಾಗ ಹಳೆಯದು ಅಳಿಸಿಹೋಗಬಹುದು. ಕಚೇರಿಯ ಕೆಲಸಕ್ಕೆ ನಿರ್ದಿಷ್ಟ ತಂತ್ರಾಂಶವೇ ಬೇಕಾದವರು ಆತುರ ಪಡಬೇಡಿ. ಕನ್ನಡದ ಹಳೆಯ ಕಡತ ತೆರೆದಾಗ ಕಸದಂತೆ ಕಂಡರೆ ದಯವಿಟ್ಟು ಅಳಿಸಬೇಡಿ.

ಕೂಟಕ್ಕೂ ಒಂದು ವಿನಂತಿ. ನಮ್ಮ ಈ ಪತ್ರಿಕೆಯ ಹಳೆಯ ಸಂಚಿಕೆಗಳ ಜೆರಾಕ್ಸ್ ಪ್ರತಿಗಳನ್ನು ಇಂದೂ ಯಾರು ಬೇಕಾದರೂ ಓದಬಹುದು, ಕಣ್ಣು ಸಾಕು. ಅವುಗಳ ಮೂಲ ಕಡತಗಳು ಯಾರದಾದರೂ ಗರಾಜಿನಲ್ಲಿ, ಸಿಡಿಗಳಲ್ಲಿ ಇದ್ದರೆ ಕೊಡಿ, ಯೂನಿಕೋಡಿಗೆ ತಿರುಗಿಸಿಡೋಣ. ಮುಂದಿನ ಯುಗಾದಿ ಕಾರ್ಯಕ್ರಮದ ದಿನ ಊಟವಾದ ಮೇಲೆ ನಾವಿಬ್ಬರೂ ಯುಎಸ್‌ಬಿ ಕಡ್ಡಿಯೊಂದಿಗೆ ಸಭಾಂಗಣದ ಹಿಂದಿನ ಸಾಲಿನಲ್ಲಿ ಇರುತ್ತೇವೆ. ಹಳೇ ಲ್ಯಾಪ್‌ಟಾಪ್ ತನ್ನಿ. ಮನೆಯಲ್ಲಿ ಊರಿನಿಂದ ಬಂದ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಅವರು ಏನು ಟೈಪು ಮಾಡುತ್ತಿದ್ದಾರೆ ಎಂದು ಒಮ್ಮೆ ಕೇಳಿ.